ಮೈಲಿಯ ಒಡೆಯರು

ಟಿಕೆಟ್ಟು ಏರ್ ಇಂಡಿಯಾದ್ದು, ವಿಮಾನ ಲುಫ್ತಾನ್ಸಾದ್ದು. ದೆಹಲಿಯಿಂದಲೋ ಮುಂಬಯಿಯಿಂದಲೋ ಯುರೋಪಿಗೆ ಹೋಗಿಬಂದ ನಮ್ಮಲ್ಲನೇಕರಿಗೆ ಈ ಅನುಭವ ಹೊಸದಲ್ಲ. ನಿಲ್ದಾಣದ ಫಲಕದಲ್ಲಿ ಒಂದೇ ಹಾರಾಟಕ್ಕೆ ಎರಡು ಮೂರು ಸಂಖ್ಯೆಗಳು ಸರದಿಯಂತೆ ಮಿನುಗುತ್ತವೆ. ಟಿಕೆಟ್ ಸಂಖ್ಯೆ 098 ಎಂದು ಆರಂಭವಾದರೆ ಅದನ್ನು ಕೊಟ್ಟದ್ದು ಏರ್ ಇಂಡಿಯಾ, 220 ಎಂದಾದರೆ ಲುಫ್ತಾನ್ಸಾ. ಹಾರಿಸಿದವರು ಒಬ್ಬರು, ಮಾರಿದವರು ಇನ್ನೊಬ್ಬರು, ಕಚೇರಿಯ ಕೆಲಸವಾದರೆ ಹಣ ತೆತ್ತವರು ಮತ್ತೊಬ್ಬರು. ಮೈಲಿಗಳು ಮಾತ್ರ ಆಸನದಲ್ಲಿ ಕುಳಿತವರ ಹೆಸರಿನ ಖಾತೆಗೆ ಬಂದು ಬೀಳುತ್ತವೆ. ಈ ಮೈಲಿ ಯಾರದು ಎಂಬುದು ಕ್ಷುಲ್ಲಕ ಪ್ರಶ್ನೆಯೆಂದು ತೋರಬಹುದು. ಆದರೆ ಇದೇ ಪ್ರಶ್ನೆಗೆ ಸಿಕ್ಕಿ ಯುರೋಪಿನಲ್ಲಿ ಮಂತ್ರಿಯೊಬ್ಬರು ಪದವಿ ತೊರೆದಿದ್ದಾರೆ. ಮೈಲಿಯ ತಕರಾರು ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ.

ಅಮೆರಿಕದಲ್ಲಿ 1978ರವರೆಗೆ ಯಾವ ಮಾರ್ಗದಲ್ಲಿ ಯಾವ ಸಂಸ್ಥೆ ಹಾರಬೇಕು, ದರವೆಷ್ಟಿರಬೇಕು ಎಂಬುದನ್ನು ಸರ್ಕಾರದ ಮಂಡಳಿಯೊಂದು ನಿರ್ಧರಿಸುತ್ತಿತ್ತು. ಆ ವರ್ಷದ ಕಾಯಿದೆ ಈ ಹಿಡಿತವನ್ನು ಬಿಡಿಸಿದೊಡನೆ ದರಗಳ ಪೈಪೋಟಿ ಮೊದಲಾಯಿತು. ಎಲ್ಲರ ವಿಮಾನವೂ ಬೋಯಿಂಗೇ, ಎಲ್ಲರ ಊಟವೂ ಅಷ್ಟಕ್ಕಷ್ಟೇ ಆಗಿರುವಾಗ ಪ್ರಯಾಣಿಕರನ್ನು ಕಟ್ಟಿಹಾಕುವುದು ಹೇಗೆ? ರಾಬರ್ಟ್ ಕ್ರ್ಯಾಂಡಲ್ ಅವರ ನೇತೃತ್ವದಲ್ಲಿದ್ದ ಅಮೆರಿಕನ್ ಏರ್‌ಲೈನ್ಸ್ ತನ್ನ ಸೇಬರ್ ಎಂಬ ಗಣಕ ವ್ಯವಸ್ಥೆಯಲ್ಲಿ ಪದೇ ಪದೇ ಕಾಣುತ್ತಿದ್ದ ದೂರವಾಣಿ ಸಂಖ್ಯೆಗಳನ್ನು ಹೆಕ್ಕಿ, ಆ ಗಿರಾಕಿಗಳಿಗೆ ಖಾತೆ ತೆರೆಯಿತು. 1981ರ ಮೇ 1ರಂದು ಆರಂಭವಾದ ಆ ಯೋಜನೆಯ ಹೆಸರು ಎ-ಅಡ್ವಾಂಟೇಜ್. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ಅದೇ ಹಾದಿ ಹಿಡಿಯಿತು. ಯೋಜನೆಯ ಜಾಣತನವೆಲ್ಲ ಇದ್ದದ್ದು ಒಂದೇ ಕಡೆ: ಪದೇ ಪದೇ ಹಾರುವವರು ಬಹುಮಟ್ಟಿಗೆ ಸ್ವಂತ ಹಣದಲ್ಲಿ ಹಾರುವವರಲ್ಲ. ಟಿಕೆಟ್ಟು ಕಂಪನಿಯದು, ಬಹುಮಾನ ನೌಕರನದು. ನಮ್ಮಲ್ಲಿ ಇದಕ್ಕೆ ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ’ ಎನ್ನುತ್ತಾರೆ.

ಕೋಡ್‌ಶೇರ್ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. ಟ್ರಾವೆಲ್ ಏಜೆಂಟರ ಗಣಕದ ಪರದೆಯಲ್ಲಿ ಒಂದೇ ಸಂಸ್ಥೆಯ ಎರಡು ವಿಮಾನಗಳ ಜೋಡಣೆ ಮೇಲುಗಡೆ ಕಾಣುತ್ತಿತ್ತು, ಎರಡು ಸಂಸ್ಥೆಗಳ ಜೋಡಣೆ ಕೆಳಕ್ಕೆ ಸರಿಯುತ್ತಿತ್ತು. ಮಿತ್ರ ಸಂಸ್ಥೆಯ ವಿಮಾನಕ್ಕೆ ತನ್ನದೇ ಸಂಕೇತಾಕ್ಷರ ಅಂಟಿಸಿದರೆ ಎರಡೂ ಒಂದೇ ಸಂಸ್ಥೆಯವೆಂಬಂತೆ ಮೇಲಕ್ಕೇರುತ್ತಿದ್ದವು. ಜೊತೆಗೆ, ತಾನು ಹಾರಲಾಗದ ಊರಿಗೂ ಟಿಕೆಟ್ ಮಾರಬಹುದಿತ್ತು. 1990ರಲ್ಲಿ ಕ್ವಾಂಟಾಸ್ ಮತ್ತು ಅಮೆರಿಕನ್ ಸಂಸ್ಥೆಗಳು ಆಸ್ಟ್ರೇಲಿಯ–ಅಮೆರಿಕಗಳ ನಡುವೆ ಇದನ್ನು ಆರಂಭಿಸಿದವು. 1993ರಲ್ಲಿ ಡಚ್ಚರ ಕೆಎಲ್‌ಎಂ ಮತ್ತು ಅಮೆರಿಕದ ನಾರ್ತ್‌ವೆಸ್ಟ್ ಒಟ್ಟಾಗಿ ದರ ಗೊತ್ತುಪಡಿಸಲು ಏಕಸ್ವಾಮ್ಯ ವಿರೋಧಿ ಕಾನೂನಿನಿಂದಲೇ ವಿನಾಯಿತಿ ಪಡೆದವು. 1997ರ ಮೇ ತಿಂಗಳಲ್ಲಿ ಐದು ಸಂಸ್ಥೆಗಳು ಸೇರಿ ಸ್ಟಾರ್ ಅಲಯನ್ಸ್ ಕಟ್ಟಿದವು.

ಇಷ್ಟಾದ ಮೇಲೆ ಮೈಲಿ ದೂರದ ಅಳತೆಯಾಗಿ ಉಳಿಯಲಿಲ್ಲ. ಪಾಲುದಾರ ಸಂಸ್ಥೆಯ ವಿಮಾನದಲ್ಲಿ ಕುಳಿತು ನಮ್ಮ ಖಾತೆಗೆ ಮೈಲಿ ಬರೆಸಿಕೊಂಡಾಗ, ಆ ಸಂಸ್ಥೆ ನಮ್ಮ ಖಾತೆಯ ಸಂಸ್ಥೆಗೆ ಅದರ ಬೆಲೆಯನ್ನು ಹಣದಲ್ಲಿ ಕೊಡಬೇಕು. ಆದ್ದರಿಂದಲೇ ಕಟ್ಟುಪಾಡುಗಳ ಕಾಡು. ಕೆಲವು ಯೋಜನೆಗಳು ವಿಮಾನ ಹಾರಿಸಿದವರನ್ನು ನೋಡಿ ಲೆಕ್ಕ ಹಾಕುತ್ತವೆ, ಕೆಲವು ಮಾರಿದವರನ್ನು ನೋಡಿ. ಎರಡರಲ್ಲೂ ನಿರ್ಣಾಯಕವಾದದ್ದು ಟಿಕೆಟ್ಟಿನ ಮೇಲೆ ಸಣ್ಣದಾಗಿ ಮುದ್ರಿತವಾಗುವ ಒಂದು ಇಂಗ್ಲಿಷ್ ಅಕ್ಷರ, ಅಂದರೆ ದರದ ದರ್ಜೆ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಪೂರ್ಣ ಮೈಲಿ, ಇನ್ನೊಬ್ಬರಿಗೆ ಕಾಲು ಭಾಗ, ಒಮ್ಮೊಮ್ಮೆ ಸೊನ್ನೆ. ಪ್ರಶ್ನಿಸಬೇಕೆಂದರೆ ಬೋರ್ಡಿಂಗ್ ಪಾಸ್ ಜೋಪಾನವಾಗಿಟ್ಟಿರಬೇಕು. ಪ್ರಯಾಣ ಭತ್ಯೆಯ ಬಿಲ್ಲಿಗೆ ಅದನ್ನು ಲಗತ್ತಿಸಿ ಅಭ್ಯಾಸವಿರುವ ನಮಗೆ ಇದೇನೂ ಕಷ್ಟವಲ್ಲ.

ಒಡೆತನದ ಪ್ರಶ್ನೆ ಬೀದಿಗೆ ಬಂದದ್ದು ಜರ್ಮನಿಯಲ್ಲಿ. ಸಂಸತ್ತಿನ ಕೆಲಸದ ಹಾರಾಟಗಳಿಂದ ಲುಫ್ತಾನ್ಸಾ ಖಾತೆಯಲ್ಲಿ ಕೂಡಿದ ಮೈಲಿಗಳನ್ನು ಸ್ವಂತ ಪ್ರಯಾಣಕ್ಕೆ ಬಳಸಿದರೆಂಬ ಸುದ್ದಿ 2002ರ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಸ್ಫೋಟಿಸಿತು. ಗ್ರೀನ್ ಪಕ್ಷದ ಚೆಮ್ ಓಜ್ದೆಮಿರ್ ಪಕ್ಷದ ವಕ್ತಾರ ಸ್ಥಾನ ಬಿಟ್ಟರು. ಜುಲೈ 31ರಂದು ಬರ್ಲಿನ್ ರಾಜ್ಯದ ಆರ್ಥಿಕ ಮಂತ್ರಿ ಗ್ರೆಗೊರ್ ಗೀಸಿ ರಾಜೀನಾಮೆ ಕೊಟ್ಟರು. ಅಮೆರಿಕ ಅದಕ್ಕೆ ಕೆಲವೇ ತಿಂಗಳ ಮೊದಲು ತದ್ವಿರುದ್ಧ ದಾರಿ ಹಿಡಿದಿತ್ತು. ಅಲ್ಲಿಯೂ ಸರ್ಕಾರಿ ಪ್ರಯಾಣದ ಮೈಲಿ ಸರ್ಕಾರದ್ದೇ ಆಗಿತ್ತು. ಆದರೆ ಖಾತೆ ನೌಕರನ ಹೆಸರಿನಲ್ಲಿರುವಾಗ ಅದನ್ನು ಬಳಸಿಕೊಳ್ಳುವ ಬಗೆ ಇಲಾಖೆಗಳಿಗೆ ಒದಗಲಿಲ್ಲ. 2001ರ ಡಿಸೆಂಬರಿನ ಕಾಯಿದೆ ಅದನ್ನು ನೌಕರರಿಗೇ ಬಿಟ್ಟುಕೊಟ್ಟಿತು.

ನಮ್ಮಲ್ಲಿ ನಿಯಮ ಜರ್ಮನಿಯ ಬಗೆಯದು. ಏಳನೆಯ ವೇತನ ಆಯೋಗದ ಬಳಿಕ, 2017ರ ಜುಲೈ 13ರಂದು ಹಣಕಾಸು ಸಚಿವಾಲಯ ಹೊರಡಿಸಿದ ಪ್ರಯಾಣ ಭತ್ಯೆಯ ಆದೇಶ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಸರ್ಕಾರಿ ಪ್ರಯಾಣದಲ್ಲಿ ಗಳಿಸಿದ ಮೈಲಿಗಳನ್ನು ಇಲಾಖೆಯ ಬೇರೆ ಸರ್ಕಾರಿ ಪ್ರಯಾಣಕ್ಕೇ ಬಳಸತಕ್ಕದ್ದು, ಖಾಸಗಿಯಾಗಿ ಬಳಸಿದರೆ ಇಲಾಖಾ ಕ್ರಮ. ತತ್ತ್ವ ಸರಿಯಾದದ್ದೇ, ತೆರಿಗೆದಾರನ ಹಣದಿಂದ ಹುಟ್ಟಿದ್ದು ತೆರಿಗೆದಾರನಿಗೇ ಮರಳಬೇಕು. ಆಗ ಸ್ವಾರಸ್ಯವೂ ಒಂದಿತ್ತು. 2009ರ ಆದೇಶದಂತೆ ನಾವು ಏರ್ ಇಂಡಿಯಾದಲ್ಲೇ ಹೋಗಬೇಕು. ಅದು ಹೋಗದ ಊರಾದರೆ ಹತ್ತಿರದ ನಿಲ್ದಾಣದವರೆಗೆ ಅದರಲ್ಲಿ ಹೋಗಿ, ಮುಂದಕ್ಕೆ ಸಾಧ್ಯವಾದರೆ ಅದರ ಮಿತ್ರಕೂಟದ ಸಂಸ್ಥೆಯನ್ನೇ ಹಿಡಿಯಬೇಕು. ಏರ್ ಇಂಡಿಯಾ ಸ್ಟಾರ್ ಅಲಯನ್ಸಿಗೆ ಸೇರಿದ್ದು 2014ರ ಜುಲೈ 11ರಂದು. ಸರ್ಕಾರದ ಹಣ, ಸರ್ಕಾರದ ಸಂಸ್ಥೆ, ಸರ್ಕಾರದ ಮೈಲಿ: ಎಡಗಿಸೆಯಿಂದ ಬಲಗಿಸೆಗೆ.

2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಸಮೂಹದ ಕೈಗೆ ಹೋದಾಗ ಆ ಬಲಗಿಸೆ ಪರರದಾಯಿತು. ಈಗ ನಾವು ಗೊತ್ತುಪಡಿಸಿದ ಮೂರು ಏಜೆನ್ಸಿಗಳ ಮೂಲಕ ಅತಿ ಅಗ್ಗದ ದರದ ಟಿಕೆಟ್ ಕೊಳ್ಳಬೇಕು. ಅಗ್ಗದ ದರವೆಂದರೆ ಮೈಲಿ ಅತಿ ಕಡಿಮೆ ಬರುವ ಅಕ್ಷರ.

ಇನ್ನು ಮೈಲಿ ನೌಕರನದೂ ಅಲ್ಲ, ಸರ್ಕಾರದ್ದೂ ಅಲ್ಲ ಎನ್ನುವವರೂ ಇದ್ದಾರೆ: ವಿಮಾನ ಸಂಸ್ಥೆಗಳು. ಕೂಡಿದ ಮೈಲಿ ಸದಸ್ಯನ ಆಸ್ತಿಯಲ್ಲವೆಂದು ಅಮೆರಿಕನ್ ಏರ್‌ಲೈನ್ಸಿನ ಷರತ್ತುಗಳಲ್ಲೇ ಇದೆ. 1988ರಲ್ಲಿ ಆ ಸಂಸ್ಥೆ, ಅದಾಗಲೇ ಗಳಿಸಿದ ಮೈಲಿಗಳಿಗೂ ಹೊಸ ಮಿತಿಗಳನ್ನು ಹೇರಿದಾಗ ಸದಸ್ಯರು ದಾವೆ ಹೂಡಿದರು. 1995ರಲ್ಲಿ ಸುಪ್ರೀಂ ಕೋರ್ಟು ಕರಾರು ಮುರಿದರೆ ಕೇಳಬಹುದು, ರಾಜ್ಯದ ಗ್ರಾಹಕ ಕಾನೂನನ್ನು ಹಿಡಿದು ಕೇಳುವಂತಿಲ್ಲ ಎಂದಿತು. 2014ರ ಇನ್ನೊಂದು ಮೊಕದ್ದಮೆಯಲ್ಲಿ, ಹೆಚ್ಚು ದೂರು ಹೇಳುತ್ತಾರೆಂದು ನಾರ್ತ್‌ವೆಸ್ಟ್ ಹೊರಹಾಕಿದ ಸದಸ್ಯರೊಬ್ಬರ ವಾದ ಅಲ್ಲಿ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಖಾತೆಪುಸ್ತಕ ವಿಮಾನಕ್ಕಿಂತ ಬೆಲೆಬಾಳತೊಡಗಿತ್ತು. 1987ರಿಂದಲೇ ಸಿಟಿಬ್ಯಾಂಕ್ ತನ್ನ ಕಾರ್ಡುದಾರರಿಗಾಗಿ ಅಮೆರಿಕನ್‌ನಿಂದ ಮೈಲಿ ಕೊಳ್ಳುತ್ತಿತ್ತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರಲ್ಲಿ ಅಮೆರಿಕನ್ ತಮ್ಮ ಟಿಕೆಟ್ಟುಗಳಿಗೆ ದೂರವನ್ನು ಬಿಟ್ಟು ತೆತ್ತ ಹಣವನ್ನೇ ಅಳತೆಯಾಗಿಸಿಕೊಂಡವು. 2020ರ ಜೂನ್‌ನಲ್ಲಿ ವಿಮಾನಗಳೆಲ್ಲ ನೆಲಕಚ್ಚಿದ್ದಾಗ ಯುನೈಟೆಡ್ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು ಸಾಲ ತಂದಿತು. ಆ ಯೋಜನೆಗೆ ಅದು ಕಟ್ಟಿದ ಬೆಲೆ ಸುಮಾರು 2,200 ಕೋಟಿ ಡಾಲರ್, ಅಂದಿನ ಷೇರುಪೇಟೆಯಲ್ಲಿ ಇಡೀ ಸಂಸ್ಥೆಗಿದ್ದ ಬೆಲೆಗಿಂತ ಹೆಚ್ಚು. ಅಲ್ಲಿನ ಸರ್ಕಾರಿ ನೌಕರರಿಗೆ 2001ರಲ್ಲಿ ಬಿಟ್ಟುಕೊಟ್ಟ ಮೈಲಿಗಳೂ ಆ ಅಡವಿನ ಪುಸ್ತಕದಲ್ಲೇ ಇದ್ದವು.