ಕಮಿಸರಿಯೇಟ್ ರೋಡ್: ಸರ್ಕಾರಕ್ಕೆ ಹುರುಳಿ ಕೊಂಡು ತಂದವರ ಕಥೆ

ಗರುಡಾ ಮಾಲ್‌ಗೆ ಸಿನಿಮಾ ನೋಡೋಕೆ ಹೋಗಿರೋರು ನಿಮ್ಮಲ್ಲಿ ತುಂಬಾ ಜನ ಇರ್ತೀರ. ಅದರ ಪಕ್ಕದ ರಸ್ತೆಯ ಬೋರ್ಡ್ ಯಾವತ್ತಾದ್ರೂ ಓದಿದ್ದೀರಾ? ಕಮಿಸರಿಯೇಟ್ ರೋಡ್. ನಾನಂತೂ ಬಹಳ ದಿನ ಅದನ್ನ ಕಮಿಷನರ್ ರೋಡ್ ಅಂತಲೇ ಓದ್ಕೊಂಡಿದ್ದೆ. ಯಾರೋ ದೊಡ್ಡ ಸಾಹೇಬರ ಬಂಗಲೆ ಇತ್ತೇನೋ ಅಂದ್ಕೊಂಡಿದ್ದೆ. ಅಲ್ಲ. ಕಮಿಸರಿಯೇಟ್ ಅಂದ್ರೆ ಸೈನ್ಯಕ್ಕೆ ಅಕ್ಕಿ, ಮಾಂಸ, ಹುಲ್ಲು, ಹುರುಳಿ, ಎತ್ತು ಎಲ್ಲವನ್ನೂ ಒದಗಿಸುವ ಇಲಾಖೆ. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಪರ್ಚೇಸ್ ಡಿಪಾರ್ಟ್‌ಮೆಂಟ್.

ಈ ಎಪಿಸೋಡ್ ಸರ್ಕಾರಿ ಖರೀದಿ ಅಧಿಕಾರಿ ಬಗ್ಗೆ. ಬೋರಿಂಗ್ ಅನ್ನಿಸ್ತಾ? ಸ್ವಲ್ಪ ತಡೀರಿ. ಮೊದಲು ಒಂದು ಸೋಲಿನ ಕಥೆ ಕೇಳಿ.

1791, ಮಾರ್ಚ್. ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆಯನ್ನ ಗೆಲ್ಲುತ್ತೆ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೊರಡುತ್ತೆ. ಮೇ 15ಕ್ಕೆ ಅರಕೆರೆ ಹತ್ರ ಟಿಪ್ಪು ಸೈನ್ಯದ ಜೊತೆ ಯುದ್ಧ. ಅದರಲ್ಲೂ ಇಂಗ್ಲಿಷರ ಕೈ ಮೇಲಾಗುತ್ತೆ. ಟಿಪ್ಪುವಿನ ರಾಜಧಾನಿ ಕಣ್ಣಿಗೆ ಕಾಣ್ತಿದೆ. ಆದ್ರೆ ಅಲ್ಲಿಂದ ಮುಂದೆ ಹೋಗೋಕೆ ಆಗಲಿಲ್ಲ. ಯಾಕೆ ಗೊತ್ತಾ? ಎತ್ತುಗಳು ಮೇವಿಲ್ಲದೆ ಸಾಯ್ತಿದ್ವು. ಕೋಟೆ ಒಡೆಯೋ ದೊಡ್ಡ ಫಿರಂಗಿಗಳನ್ನ ಎಳೆಯೋರೇ ಇಲ್ಲ. ಸೈನಿಕರ ಹೊಟ್ಟೆಗೂ ಇಲ್ಲ. ಕೊನೆಗೆ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನ ತಾನೇ ಹಾಳು ಮಾಡಿಸಿ ವಾಪಸ್ ಹೊರಟ. ದಾರಿಯಲ್ಲಿ ಅವನ ಮಿತ್ರಪಕ್ಷದ ಮರಾಠರ ದಂಡು ಸಿಕ್ಕಿತು. ಅವರ ಬಿಡಾರದ ಬಜಾರಿನಲ್ಲಿ ಧಾನ್ಯ ಇತ್ತು, ಬೆಲೆ ಮಾತ್ರ ಅವರು ಹೇಳಿದ್ದೇ. ಹಸಿದವನಿಗೆ ಚೌಕಾಸಿ ಮಾಡೋ ಹಕ್ಕು ಇರಲ್ಲ, ಅಲ್ವಾ?

ಆಮೇಲೆ ಅಲೆಕ್ಸಾಂಡರ್ ರೀಡ್ ಎಂಬ ಕ್ಯಾಪ್ಟನ್‌ಗೆ ಪೂರೈಕೆಯ ಕೆಲಸ ಬಂತು. ಅವನು ಲಂಬಾಣಿಗಳನ್ನ ಹಿಡಿದ. ಇಂಗ್ಲಿಷರ ದಾಖಲೆಗಳಲ್ಲಿ ಅವರ ಹೆಸರು ಬ್ರಿಂಜಾರಿ. ಸಾವಿರಾರು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶದ ತುಂಬಾ ವ್ಯಾಪಾರ ಮಾಡ್ತಿದ್ದ ಜನ. 1792ರ ಫೆಬ್ರವರಿಯಲ್ಲಿ ಅದೇ ಸೈನ್ಯ ಮತ್ತೆ ಶ್ರೀರಂಗಪಟ್ಟಣದ ಬಾಗಿಲಿಗೆ ಹೋದಾಗ ಹಿಂದೆ ಧಾನ್ಯದ ಸಾಲು ಇತ್ತು. ಟಿಪ್ಪು ಸಂಧಿಗೆ ಒಪ್ಪಬೇಕಾಯ್ತು, ಅರ್ಧ ರಾಜ್ಯ ಬಿಟ್ಟುಕೊಡಬೇಕಾಯ್ತು. ನಮ್ಮ ಪಠ್ಯಪುಸ್ತಕದಲ್ಲಿ ಕಾರ್ನ್‌ವಾಲಿಸ್ ಇದ್ದಾನೆ, ಟಿಪ್ಪು ಇದ್ದಾನೆ. ಲಂಬಾಣಿಗಳ ಎತ್ತು ಇಲ್ಲ, ಲೆಕ್ಕ ಬರೆದ ರೀಡ್ ಕೂಡ ಇಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲೇ ಉಳೀತು. ಅಲ್ಲಿ ಜ್ವರದ ಕಾಟ. ಅದಕ್ಕೇ 1809ರಲ್ಲಿ ಹಲಸೂರಿನ ಪಕ್ಕ ದಂಡುಪ್ರದೇಶ, ಅಂದ್ರೆ ನಮ್ಮ ಕಂಟೋನ್ಮೆಂಟ್ ಹುಟ್ಟಿತು. ಈಗ ಯೋಚನೆ ಮಾಡಿ. ಸಾವಿರಾರು ಸಿಪಾಯಿಗಳು, ಗೋರರು, ಕುದುರೆಗಳು ಒಂದೇ ಕಡೆ ಬಂದು ಕೂತಿದಾರೆ. ಇವರ್ಯಾರೂ ಬೆಳೆಯೋರಲ್ಲ, ಬರೀ ತಿನ್ನೋರು. ದಿನಾ ಬೆಳಗಾದ್ರೆ ಕುದುರೆಗೆ ಬೇಯಿಸಿದ ಹುರುಳಿ ಬೇಕು, ಗೋರರಿಗೆ ಬ್ರೆಡ್ಡು, ಮಾಂಸ ಬೇಕು. ಇವತ್ತು ಆಗಲಿಲ್ಲ, ನಾಳೆ ಕೊಡ್ತೀವಿ ಅನ್ನೋ ಹಾಗಿಲ್ಲ.

ನಗರದ ಪೂರ್ವ ಭಾಗ ಬೆಳೆದ ರೀತಿಗೆ ಈ ಹೊಟ್ಟೆಯೂ ಒಂದು ಕಾರಣ. ಶಿವಾಜಿನಗರದ ಹಳೇ ಹೆಸರು ಬ್ಲ್ಯಾಕ್‌ಪಲ್ಲಿ. ಕಂಟೋನ್ಮೆಂಟಿನ ಬಜಾರ್ ಬೆಳೆದದ್ದು ಅಲ್ಲೇ. ತಮಿಳು ಸೀಮೆಯಿಂದ ಸೈನ್ಯದ ಬೆನ್ನು ಹಿಡಿದು ಬಂದ ವ್ಯಾಪಾರಿಗಳು, ಕಂತ್ರಾಟುದಾರರು ಹಲಸೂರು ಸುತ್ತ ನೆಲೆ ನಿಂತರು. ಇವತ್ತಿನ ಕಾಮರಾಜ್ ರೋಡ್‌ಗೆ ಮೊದಲು ಕ್ಯಾವಲ್ರಿ ರೋಡ್ ಅಂತಿದ್ರು, ಕುದುರೆ ಪಡೆಯ ರಸ್ತೆ.

ಆಗಿನ ಖರೀದಿ ಅಧಿಕಾರಿಗೆ ಒಂದು ಸರಳ ಆಯುಧ ಇತ್ತು: ಮೊಹರು ಹಾಕಿದ ಮಾದರಿ. ಬ್ರಿಟಿಷ್ ಸೈನ್ಯದಲ್ಲಿ ಬಟ್ಟೆ, ಬೂಟು, ಸಾಮಾನು ಇಂಥಾದ್ದೇ ಬೇಕು ಅಂತ ತೋರಿಸೋಕೆ ಒಪ್ಪಿಗೆಯಾದ ಒಂದು ನಮೂನೆಗೆ ಅರಗಿನ ಮುದ್ರೆ ಒತ್ತಿ ಇಡ್ತಿದ್ರು. ಕಂತ್ರಾಟುದಾರ ತಂದ ಮಾಲನ್ನ ಅದರ ಪಕ್ಕ ಇಟ್ಟು ನೋಡೋದು. ಹೊಂದಲಿಲ್ಲವಾ, ವಾಪಸ್. ಬಾಯಿಮಾತಿಗೆ ಬೆಲೆ ಇಲ್ಲ.

ಹಾಗಂತ ನಿಯಮ ಇದ್ದ ಕಡೆ ಎಲ್ಲಾ ಸರಿ ಇರುತ್ತೆ ಅನ್ಕೋಬೇಡಿ. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದ ಬ್ರಿಟಿಷ್ ಸೈನಿಕರಿಗೆ ಚಳಿಗಾಲದಲ್ಲಿ ಕಾಫಿ ಕೊಟ್ರು. ಹುರಿಯದ ಹಸಿ ಬೀಜ! ಹುರಿಯೋಕೆ ಸೌದೆ ಇಲ್ಲ, ಪುಡಿ ಮಾಡೋಕೆ ಏನೂ ಇಲ್ಲ. ಪಟ್ಟಿಯಲ್ಲಿ ಕಾಫಿ ಅಂತಿತ್ತು, ಕಾಫಿ ಕಳಿಸಿದ್ರು. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು.

ನಮ್ಮ ಹತ್ರದ್ದೇ ಇನ್ನೊಂದು ಉದಾಹರಣೆ ಅಮೃತಮಹಲ್ ತಳಿ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಕೊಟ್ಟ ಹೆಸರು ಅದು. ಫಿರಂಗಿ ಎಳೆಯೋಕೆ ಆ ಎತ್ತುಗಳಿಗೆ ಸಾಟಿ ಇರಲಿಲ್ಲ. 1813ರಿಂದ ಆ ದನಗಳ ಹಿಂಡನ್ನ ಮದ್ರಾಸ್ ಸೈನ್ಯದ ಕಮಿಸರಿಯೇಟ್ ನೋಡ್ಕೊಳ್ತಿತ್ತು. 1860ರಲ್ಲಿ ಸರ್ಕಾರ ಖರ್ಚು ಉಳಿಸೋಕೆ ಹಿಂಡನ್ನ ಮಾರಿಬಿಡ್ತು. ಕೆಲವೇ ವರ್ಷದಲ್ಲಿ ತಪ್ಪು ಗೊತ್ತಾಯ್ತು. 1866ರಲ್ಲಿ ಮತ್ತೆ ದನ ಕೂಡಿಸಿ ಶುರು ಮಾಡಬೇಕಾಯ್ತು. ಬಿಕಾಂ ಓದೋವಾಗ ನಮಗೆ ಒಂದು ಪಾಠ ಇತ್ತು: ನಾವೇ ತಯಾರಿಸೋದಾ, ಹೊರಗಿಂದ ಕೊಳ್ಳೋದಾ ಅಂತ ಲೆಕ್ಕ ಹಾಕೋದು. ಆ ಲೆಕ್ಕದಲ್ಲಿ ಒಂದು ತಳಿ ಕಟ್ಟೋಕೆ ಎಷ್ಟು ವರ್ಷ ಬೇಕು ಅನ್ನೋ ಕಾಲಂ ಇರಲಿಲ್ಲ.

ಈಗ ನನ್ನದೇ ಒಂದು ವಿಷಯ. ಡಿಗ್ರಿ ಮುಗಿದ ಮೇಲೆ ಶಿವಾಜಿನಗರದ ಒಂದು ಸಣ್ಣ ಸ್ಟೇಷನರಿ ಅಂಗಡಿಯಲ್ಲಿ ಲೆಕ್ಕ ಬರೀತಿದ್ದೆ. ಒಂದು ಸರ್ಕಾರಿ ಕಚೇರಿಗೆ ಪ್ರಿಂಟರ್ ಕಾಗದ ಕೊಡೋ ಟೆಂಡರ್‌ಗೆ ನಾವೂ ಹಾಕಿದ್ವಿ. ಸೋತ್ವಿ. ಗೆದ್ದವರು ನಮಗಿಂತ ಒಂದು ರೀಮಿಗೆ ಕೆಲವೇ ರೂಪಾಯಿ ಕಡಿಮೆ. ಎರಡು ತಿಂಗಳಾದ ಮೇಲೆ ಅದೇ ಕಚೇರಿಯ ಒಬ್ಬರು ನಮ್ಮ ಅಂಗಡಿಗೆ ಬಂದು ಬಿಡಿಯಾಗಿ ಎರಡು ರೀಮ್ ತಗೊಂಡ್ರು. ಬಂದಿರೋ ಕಾಗದ ಪ್ರಿಂಟರ್‌ನಲ್ಲಿ ಸಿಕ್ಕಾಕ್ಕೊಳ್ತಿದೆಯಂತೆ. ಅವತ್ತು ನಾವು ನಕ್ಕಿದ್ದೇ ನಕ್ಕಿದ್ದು. ಸರ್ಕಾರದವರಿಗೆ ಬುದ್ಧಿ ಇಲ್ಲ ಅಂದ್ವಿ.

ಈಗ ಹಾಗನ್ನಿಸಲ್ಲ. ಆ ಅಧಿಕಾರಿ ನಮ್ಮ ಕಾಗದವೇ ಚೆನ್ನಾಗಿದೆ ಅಂತ ನಮಗೆ ಆರ್ಡರ್ ಕೊಟ್ಟಿದ್ದರೆ? ಆಡಿಟ್‌ನವರು ಬಂದು ಕಡಿಮೆ ದರ ಬಿಟ್ಟು ಹೆಚ್ಚಿನ ದರಕ್ಕೆ ಯಾಕೆ ಕೊಟ್ಟೆ ಅಂತ ಕೇಳಿದ್ರೆ ಅವರ ಹತ್ರ ಉತ್ತರ ಇರ್ತಿರಲಿಲ್ಲ. ಪ್ರಾಮಾಣಿಕವಾಗಿದ್ದು ಕೆಟ್ಟ ಕಾಗದ ತಗೊಂಡ್ರೆ ಕೆಲಸ ಉಳಿಯುತ್ತೆ. ಪ್ರಾಮಾಣಿಕವಾಗಿದ್ದು ಒಳ್ಳೆ ಕಾಗದ ತಗೊಂಡ್ರೆ ನೋಟಿಸ್ ಬರಬಹುದು.

ಹಾಗಾದ್ರೆ ನಿಯಮ ತೆಗೆದುಬಿಡೋಣವಾ? ಅದಕ್ಕೂ ನಾನು ಒಪ್ಪಲ್ಲ. ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಅಧಿನಿಯಮ 1999 ಅಂತ ಕಾನೂನು ಇದೆ. 2000ದ ಅಕ್ಟೋಬರ್ 4ರಿಂದ ಜಾರಿ. ಅದಕ್ಕೂ ಮುಂಚೆ ಯಾರಿಗೆ ಟೆಂಡರ್ ಸುದ್ದಿ ತಲುಪುತ್ತೆ ಅನ್ನೋದೇ ಅರ್ಧ ಆಟ. ಈ ಕಾನೂನು ಬಂದ ಮೇಲೆ ಟೆಂಡರ್ ಬುಲೆಟಿನ್‌ನಲ್ಲಿ ಹಾಕಬೇಕು, ಸಮಯ ಕೊಡಬೇಕು. 2000ದ ನಿಯಮದಲ್ಲಿ 2 ಕೋಟಿ ರೂಪಾಯಿವರೆಗೆ ಕನಿಷ್ಠ 30 ದಿನ, ಅದಕ್ಕಿಂತ ಮೇಲೆ 60 ದಿನ ಅಂತಿತ್ತು. ಆಮೇಲೆ ಇ-ಪ್ರೊಕ್ಯೂರ್‌ಮೆಂಟ್ ಬಂತು. ಶಿವಾಜಿನಗರದ ಸಣ್ಣ ಅಂಗಡಿಯೂ ಟೆಂಡರ್ ಹಾಕೋಕೆ ಆಗಿದ್ದು ಇದರಿಂದಲೇ. ನಾವು ಸೋತಿದ್ದೂ, ಸೋಲೋ ಅವಕಾಶ ಸಿಕ್ಕಿದ್ದೂ ಒಂದೇ ಕಾನೂನಿನಿಂದ!

ಮತ್ತೆ, ಆ ಕಾನೂನು ಬರೀ ಕಡಿಮೆ ದರ ನೋಡು ಅಂತಲೂ ಹೇಳಲ್ಲ. ಮೊದಲೇ ಬರೆದಿಟ್ಟ ಮಾನದಂಡದ ಪ್ರಕಾರ ಅಳೆದು, ಅದರಲ್ಲಿ ಕಡಿಮೆಯದನ್ನ ಒಪ್ಪು ಅನ್ನುತ್ತೆ. ಅಂದ್ರೆ ಕೆಲಸದ ಜೀವ ಇರೋದು ದರ ತೆರೆಯೋ ದಿನ ಅಲ್ಲ, ಅದಕ್ಕೂ ಮುಂಚೆ. ಕಾಗದದ ದಪ್ಪ ಎಷ್ಟಿರಬೇಕು, ಮಾಲು ಬಂದಾಗ ಯಾರು ಪರೀಕ್ಷೆ ಮಾಡ್ತಾರೆ, ಹೊಂದದಿದ್ರೆ ಏನು ಅಂತ ಬರೆಯೋ ದಿನ. ಅರಗಿನ ಮುದ್ರೆ ಹಾಕಿದ ಆ ಹಳೇ ಮಾದರಿ ಮಾಡ್ತಿದ್ದದ್ದೂ ಇದನ್ನೇ. ಬೀಜ ಅಲ್ಲ, ಹುರಿದ ಪುಡಿ ಬೇಕು ಅಂತ ಒಂದು ಸಾಲು ಬರೆಯೋ ತಾಳ್ಮೆ. ಆ ಸಾಲು ಬರೆದವರನ್ನ ಯಾರೂ ಹೊಗಳಲ್ಲ, ಯಾಕಂದ್ರೆ ಅಮೇಲೆ ಏನೂ ಕೆಟ್ಟದ್ದು ಆಗಿರಲ್ಲ.

ಮಾರಿದವರ, ಕಟ್ಟಿದವರ ಹೆಸರು ಊರಲ್ಲಿ ಉಳಿಯುತ್ತೆ. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1864ರಿಂದ 1868ರ ತನಕ ಅಠಾರಾ ಕಚೇರಿ ಕಟ್ಟಿದ ಕಂತ್ರಾಟುದಾರರು. ಈಗ ಅದು ನಮ್ಮ ಹೈಕೋರ್ಟ್. 1873ರಲ್ಲಿ ಅವರು ಶುರು ಮಾಡಿದ ಶಾಲೆ ಆರ್‌ಬಿಎಎನ್‌ಎಂ ಹೆಸರಲ್ಲಿ ಇವತ್ತಿಗೂ ಕಂಟೋನ್ಮೆಂಟಿನ ಮಕ್ಕಳಿಗೆ ಪಾಠ ಹೇಳ್ತಿದೆ. ಆ ಹೆಸರು ಉಳೀಬೇಕಾದ್ದೇ. ಕೊಂಡವರಿಗೆ ಸಿಕ್ಕಿದ್ದು ಮಾತ್ರ ಮಾಲ್ ಪಕ್ಕದ ಒಂದು ರಸ್ತೆ, ಅದರಲ್ಲೂ ಇಲಾಖೆ ಹೆಸರು ಅಷ್ಟೇ.

ಹೋಗೋ ಮುಂಚೆ ಒಂದು ಕೆಲಸ ಮಾಡಿ. ರಾಜ್ಯದ ಟೆಂಡರ್ ಪೋರ್ಟಲ್ ನಿಮ್ಮ ಫೋನಲ್ಲೇ ತೆರೆಯುತ್ತೆ. ಹಲಸೂರೋ, ಇಂದಿರಾನಗರವೋ, ಕೆ.ಆರ್. ಪುರವೋ, ನಿಮ್ಮ ಏರಿಯಾದ ಒಂದು ಟೆಂಡರ್ ಹುಡುಕಿ. ಮೊತ್ತ ನೋಡಿ ಸಿಟ್ಟಾಗೋದು ಆಮೇಲೆ. ಮೊದಲು ಏನು ಬೇಕು ಅಂತ ಬರೆದಿದಾರಲ್ಲ, ಆ ಪುಟ ಓದಿ.