ಗೊರಕೆಗೆ ಸಾಕ್ಷಿ ಯಾರು?

ಹುಮನಾಬಾದ್‌ನಿಂದ ಬಸವಕಲ್ಯಾಣದ ಕಡೆಗೆ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಹೊತ್ತು ಹೋಗಿ ನೋಡಿ. ಪುಣೆ–ಹೈದರಾಬಾದ್ ಲಾರಿಗಳು ಢಾಬಾಗಳ ಮುಂದೆ ಸಾಲುಗಟ್ಟಿ ನಿಂತಿರ್ತವೆ. ಕ್ಯಾಬಿನ್ ಒಳಗಿಂದ ಗೊರಕೆ ಕೇಳಿಸುತ್ತೆ. "ಏನ್ ನಿದ್ದಿ ಮಾಡ್ತಾನ್ ನೋಡ್ರಿ, ಪುಣ್ಯವಂತ" ಅಂತಾರೆ ಜನ. ನನ್ನ ತಕರಾರು ಆ 'ಪುಣ್ಯವಂತ' ಅನ್ನೋ ಮಾತಿನ ಮೇಲೆಯೇ.

ಈ ತಪ್ಪು ತಿಳಿವಳಿಕೆ ನಮ್ಮೊಬ್ಬರದ್ದಲ್ಲ ಬಿಡಿ. ನಾವು ಕುಂಭಕರ್ಣನನ್ನು ಇಟ್ಟುಕೊಂಡು ನಕ್ಕೆವು. ಇಂಗ್ಲೆಂಡಿನವರು ನಗೋದಕ್ಕೆ ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಜೋ ಅನ್ನೋ ದಪ್ಪ ಹುಡುಗನನ್ನು ಕೊಟ್ಟ. ಎಲ್ಲೆಂದರಲ್ಲಿ ನಿದ್ದೆಗೆ ಜಾರುವ ಹುಡುಗ. 1956ರಲ್ಲಿ ಅಮೆರಿಕದ ವೈದ್ಯ ಬರ್ವೆಲ್ ಮತ್ತು ಸಂಗಡಿಗರು ಒಬ್ಬ ರೋಗಿಯ ಕತೆ ಬರೆದರು. ಆತ ಇಸ್ಪೀಟ್ ಆಡಲು ಕೂತಿದ್ದ. ಕೈಗೆ ಬಂದಿದ್ದು ಮೂರು ಎಕ್ಕ, ಎರಡು ರಾಜ. ಗೆಲ್ಲೋ ಕೈ! ಆದರೆ ಅಷ್ಟರಲ್ಲೇ ನಿದ್ದೆ ಹೋಗಿಬಿಟ್ಟ. ಆ ಸೋಲೇ ಅವನನ್ನು ಆಸ್ಪತ್ರೆಗೆ ತಂದಿತು. ವೈದ್ಯರು ಡಿಕನ್ಸನ ಕಾದಂಬರಿ ನೆನಪಿಸಿಕೊಂಡು 'ಪಿಕ್‌ವಿಕಿಯನ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಬೊಜ್ಜಿನ ಕಡೆ, ರಕ್ತದಲ್ಲಿ ಹೆಚ್ಚಿದ ಇಂಗಾಲದ ಡೈಆಕ್ಸೈಡ್ ಕಡೆ ಬೊಟ್ಟು ಮಾಡಿದರು. ರಾತ್ರಿ ಅವನು ಮಲಗಿದಾಗ ಗಂಟಲಲ್ಲಿ ಏನಾಗುತ್ತೆ ಅನ್ನೋದು ಲೆಕ್ಕಕ್ಕೇ ಬರಲಿಲ್ಲ.

ಅದನ್ನು ನೋಡಿದ್ದು 1965ರಲ್ಲಿ. ಫ್ರಾನ್ಸ್‌ನ ಮಾರ್ಸೇಯಲ್ಲಿ ಗಾಸ್ತೋ ತಂಡ, ಜರ್ಮನಿಯ ಫ್ರೈಬರ್ಗ್‌ನಲ್ಲಿ ಯುಂಗ್ ಮತ್ತು ಕೂಲೋ, ಮಲಗಿದವರ ಮಿದುಳಿನ ಅಲೆ ಮತ್ತು ಉಸಿರಾಟ ಎರಡನ್ನೂ ಒಟ್ಟಿಗೆ ದಾಖಲಿಸಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತೆ, ಉಸಿರು ನಿಲ್ಲುತ್ತೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತೆ, ಮತ್ತೆ ನಿದ್ದೆ, ಮತ್ತೆ ಅದೇ. ಇದೇ ಸ್ಲೀಪ್ ಆಪ್ನಿಯಾ. 10 ಸೆಕೆಂಡ್ ಉಸಿರು ನಿಂತರೆ ಒಂದು ಸಲ ಅಂತ ಲೆಕ್ಕ. ಗಂಟೆಗೆ 30 ಸಲ ದಾಟಿದರೆ ತೀವ್ರ. ಅಂಥವರು ಏಳು ಗಂಟೆ ಮಲಗಿದರೆ 200 ಸಲಕ್ಕೂ ಹೆಚ್ಚು! ಬೆಳಗ್ಗೆ ಎದ್ದಾಗ ಸಾಮಾನ್ಯವಾಗಿ ಒಂದೂ ನೆನಪಿರೋದಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು, ಹಾಗಾಗಿ ನನಗೆ ಹೀಗೆ ಅರ್ಥ ಆಗುತ್ತೆ. ಹಗಲು ಕಂಡದ್ದು, ಕೇಳಿದ್ದು ಮೊದಲು ಮಿದುಳಿನ ಹಿಪ್ಪೊಕ್ಯಾಂಪಸ್ ಅನ್ನೋ ಸಣ್ಣ ಭಾಗದ ಆಸರೆಯಲ್ಲಿರುತ್ತೆ. ಗಾಢ ನಿದ್ದೆಯಲ್ಲಿ ಅದು ಗಟ್ಟಿಯಾಗಿ ನೆಲೆಯೂರುತ್ತೆ. ಫೈಲ್ ಕಾಪಿ ಆಗುವಾಗ ಪದೇ ಪದೇ ಕರೆಂಟು ಹೋದರೆ? ಸಾಲದ್ದಕ್ಕೆ ಹಿಪ್ಪೊಕ್ಯಾಂಪಸ್‌ನ ಜೀವಕೋಶಗಳು ಆಮ್ಲಜನಕದ ಕೊರತೆ ತಡೆಯುವಂಥವಲ್ಲ. 2001ರಲ್ಲಿ ಡೇವಿಡ್ ಗೋಜಾಲ್ ತಂಡ, ಮಲಗಿದ ಇಲಿಗಳಿಗೆ ಆಮ್ಲಜನಕ ಬಿಟ್ಟು ಬಿಟ್ಟು ಕಡಿಮೆ ಮಾಡಿ ನೋಡಿತು. ಇಲಿಗಳು ದಾರಿ ಕಲಿಯೋದರಲ್ಲಿ ಹಿಂದೆ ಬಿದ್ದವು, ಹಿಪ್ಪೊಕ್ಯಾಂಪಸ್‌ನಲ್ಲಿ ಕೋಶಗಳು ಸತ್ತಿದ್ದವು.

2021ರ ಬಸವಕಲ್ಯಾಣ ಉಪಚುನಾವಣೆ ವೇಳೆ ಸಸ್ತಾಪುರ ಬಂಗ್ಲಾ ಹತ್ತಿರ ಚಹಾ ಕುಡೀತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಡ್ರೈವರ್, ನಲವತ್ತೈದರ ಆಸುಪಾಸು. ಡೀಸೆಲ್ ಹಾಕಿಸಿದ ಲೆಕ್ಕ ಮರೀತೀನಿ, ಮಾಲು ಇಳಿಸೋ ಊರಿನ ಹೆಸರು ಬಾಯಿಗೆ ಬರಲ್ಲ ಅಂತ ತಾನೇ ಹೇಳಿ ನಕ್ಕ. "ವಯಸ್ಸಾತಲ್ರೀ." ಕ್ಲೀನರ್ ಹುಡುಗ ನಗಲಿಲ್ಲ. "ರಾತ್ರಿ ಇವರ ಉಸ್ರು ನಿಂತೇ ಹೋಗ್ತದ್ರಿ ಸರ್. ನಾ ಎಣಿಸ್ತೀನಿ. ಹದಿನೈದು, ಇಪ್ಪತ್ತು ಆತಂದ್ರ ಅಂಜಿಕಿ ಬರ್ತದ, ಕಾಲ್ ಹಿಡ್ದು ಅಲ್ಲಾಡಸ್ತೀನಿ." ಮಾರ್ಸೇಯಲ್ಲಿ ಯಂತ್ರ ಇಟ್ಟು ಮಾಡಿದ್ದನ್ನು ಆ ಹುಡುಗ ಬೆರಳೆಣಿಸಿ ಮಾಡ್ತಿದ್ದ.

ಹಾಗಂತ ಮರೆವೆಲ್ಲ ಇದರಿಂದಲೇ ಬರುತ್ತೆ ಅಂತಲ್ಲ. ಆದರೆ ಇದರಿಂದ ಬಂದಿದ್ದರೆ ಸುಧಾರಿಸೋ ದಾರಿ ಇದೆ. 1981ರಲ್ಲಿ ಸಿಡ್ನಿಯ ಕಾಲಿನ್ ಸುಲ್ಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಊದಿ ಗಂಟಲು ತೆರೆದಿಡೋ ಉಪಾಯ ತೋರಿಸಿದರು. ಅದೇ ಇಂದಿನ ಸಿಪ್ಯಾಪ್ ಯಂತ್ರ. 2011ರಲ್ಲಿ ಮಿಲಾನ್‌ನ ಸಂಶೋಧಕರು 17 ರೋಗಿಗಳಿಗೆ ಮೂರು ತಿಂಗಳು ಈ ಚಿಕಿತ್ಸೆ ಕೊಟ್ಟರು. ನೆನಪು, ಗಮನ ಸುಧಾರಿಸಿತು. ಸ್ಕ್ಯಾನಿಂಗ್‌ನಲ್ಲಿ ಹಿಪ್ಪೊಕ್ಯಾಂಪಸ್ ಭಾಗವೂ ತುಂಬಿಕೊಂಡಿತ್ತು. ಸಣ್ಣ ಅಧ್ಯಯನ ನಿಜ, ಆದರೆ ನನಗೆ ಧೈರ್ಯ ಕೊಟ್ಟದ್ದು ಅದೇ.

ನಮ್ಮಲ್ಲಿ ಇದು ಅಪರೂಪವೂ ಅಲ್ಲ. ಮುಂಬೈನ ಉದ್ವಾಡಿಯಾ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುವಯಸ್ಸಿನ ಗಂಡಸರ ಪೈಕಿ 100ಕ್ಕೆ 7.5 ಮಂದಿಗೆ ಈ ಕಾಯಿಲೆ ಇತ್ತು. ಲಾರಿ ಚಾಲಕರಿಗೆ ಕಣ್ಣಿನ ಶಿಬಿರ ಮಾಡೋರು, ದಯವಿಟ್ಟು ಜೊತೆಗೆ ಕ್ಲೀನರ್‌ನನ್ನೂ ಕರೆದು ಒಂದು ಮಾತು ಕೇಳಿ. ಮನೆಯಲ್ಲಾದರೆ ಹೆಂಡತಿಯನ್ನು ಕೇಳಿ. ಗೊರಕೆ ನಿಂತು ಮತ್ತೆ ಶುರುವಾಗೋದನ್ನು ಐದು ನಿಮಿಷ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಕಿವಿ–ಮೂಗು–ಗಂಟಲು ವೈದ್ಯರ ಹತ್ತಿರ ಹೋದಾಗ ಮೊದಲು ಅದನ್ನೇ ಕೇಳಿಸಿ.