ಗಳಿಗೆ ಬಟ್ಲಿಂದ ಓಟದ ವಾಚ್‌ಗಂಟ

ಓಡುವಾಗ ಕೈಗೆ ಕಟ್ಕಳಕ್ಕೆ ಯಾವ ವಾಚು ತಗಬೇಕು ಅಂತ ನಮ್ಮವರಲ್ಲೇ ಮೂರು ಜನ ಕೇಳವ್ರೆ. ಮಂಡ್ಯದ ಅತ್ತಿಗೆ ಬೆಳಿಗ್ಗೆ ನಾಲೆ ಏರಿ ಮ್ಯಾಲೆ ನಾಕೈದು ಕಿಲೋಮೀಟ್ರು ಓಡ್ತರೆ. ಮದ್ದೂರಿನ ಚಿಕ್ಕಮ್ಮಂಗೆ ಬಿಪಿ, ಡಾಕ್ಟ್ರು ದಿನಾ ಬಿರುಸಾಗಿ ನಡೀರಿ ಅಂದವ್ರೆ. ಮಳವಳ್ಳಿ ನಾದಿನಿ ಮಗಳು ಪೊಲೀಸ್ ಕಾನ್‌ಸ್ಟೇಬಲ್ ಕೆಲಸಕ್ಕೆ ಅಂತ ಓಟ ಕಲೀತಾವ್ಳೆ. ಮೂವರಿಗೂ ಅಂಗಡಿಯವ್ರು ತೋರಿಸಿರೋದು ಒಂದೇ ಜಾತಿ ವಾಚು. ಟೈಮು, ನಾಡಿ ಬಡಿತ, ಓಡಿದ ದೂರ, ಮೂರೂ ಒಂದರಲ್ಲೇ. ಆದ್ರೆ ಈ ಮೂರು ಕೆಲಸ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರೀಲಿ ಬಂದು ಒಂದು ಡಬ್ಬಿಗೆ ಸೇರ್ಕಂಡವೆ. ಯಾವ್ದು ಎಲ್ಲಿಂದ ಬಂತು ಅಂತ ತಿಳ್ಕಂಡ್ರೆ, ಯಾರು ಯಾವ್ದಕ್ಕೆ ದುಡ್ಡು ಕೊಡಬೇಕು ಅನ್ನೋದು ತಾನಾಗೇ ಗೊತ್ತಾಯ್ತದೆ.

ಮೊದಲು ಟೈಮಿನ ಕತೆ. ಗಳಿಗೆ ಅನ್ನೋ ಮಾತು ಇವತ್ತೂ ನಮ್ಮ ಬಾಯಲ್ಲಿ ಅದೆ. ಹಿಂದೆ ತಳದಲ್ಲಿ ಸಣ್ಣ ತೂತಿರೋ ಬಟ್ಲನ್ನ ನೀರು ತುಂಬಿದ ಪಾತ್ರೆ ಮ್ಯಾಲೆ ತೇಲಿ ಬುಡೋರು. ತೂತಿಂದ ನೀರು ಏರಿ ಬಟ್ಲು ಮುಳುಗಿದ್ರೆ ಒಂದು ಗಳಿಗೆ, ಅಂದ್ರೆ ಈಗಿನ 24 ನಿಮಿಷ. ಹಗಲೂ ರಾತ್ರಿ ಸೇರಿ 60 ಗಳಿಗೆ. ಮದುವೆ ಮುಹೂರ್ತಕ್ಕೂ ಗಳಿಗೆ ಬಟ್ಲೇ ಗತಿ.

ಕೈಗೆ ಕಟ್ಟೋ ವಾಚು ನಮ್ಮ ಕಡೆ ಮನೆಮನೆಗೂ ಗೊತ್ತಾಗಿದ್ದು ಎಚ್‌ಎಂಟಿಯಿಂದ. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪ್ನಿ ಜೊತೆ ಸೇರ್ಕಂಡು ವಾಚು ಮಾಡಕ್ಕೆ ಶುರು ಮಾಡ್ತು. ಆಮೇಲೆ ತುಮಕೂರಲ್ಲೂ ಕಾರ್ಖಾನೆ ಬಂತು. ದಿನಾ ಕೀ ಕೊಡೋದು, ರೇಡಿಯೊ ವಾರ್ತೆಗೆ ಮುಂಚೆ ಬರೋ ಸದ್ದಿಗೆ ಮುಳ್ಳು ಸರಿ ಮಾಡ್ಕಳೋದು, ಇದೆಲ್ಲ ನಿಮಗೂ ಗೊತ್ತಿರೋದೇ. ಆದ್ರೆ ಆ ವಾಚು ಯಾರ ಕೈಲಿತ್ತು? ಮದುವೇಲಿ ಗಂಡಿಗೆ ವಾಚು, ಉಂಗುರ ಹೆಣ್ಣಿನ ಕಡೆಯವ್ರು ಕೊಡಬೇಕಿತ್ತು. ದುಡ್ಡು ಹೊಂಚಿದೋನು ಹೆಣ್ಣಿನ ಅಪ್ಪ, ಟೈಮು ನೋಡಿದೋನು ಅಳಿಯ. ಹೆಣ್ಣುಮಕ್ಕಳು ಕೋಳಿ ಕೂಗು, ಬಸ್ಸಿನ ಹಾರನ್ನು, ಇಸ್ಕೂಲ್ ಗಂಟೆ ಕೇಳ್ಕಂಡೇ ಒಲೆ ಹಚ್ಚಿದ್ರು, ಬುತ್ತಿ ಕಟ್ಟಿದ್ರು.

ಓಟದಲ್ಲಿ ಟೈಮು ಅಂದ್ರೆ ಏನು ಅಂತ ನಮ್ಮ ವಯಸ್ಸಿನೋರಿಗೆ ಪಿ.ಟಿ. ಉಷಾ ಕಲಿಸಿಕೊಟ್ರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಲ್ಲಿ ಅವರ ಟೈಮು 55.42 ಸೆಕೆಂಡು. ಮೂರನೇವ್ಳದು 55.41. ಸೆಕೆಂಡಿನ ನೂರರಲ್ಲಿ ಒಂದು ಪಾಲಿಗೆ ಕಂಚಿನ ಪದಕ ಕೈತಪ್ತು.

ಮಳವಳ್ಳಿ ಹುಡುಗಿ ಲೆಕ್ಕ ಅಷ್ಟು ಬಿಗಿ ಇಲ್ಲ. ನಮ್ಮ ರಾಜ್ಯದ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೇಲಿ ಹೆಣ್ಣುಮಕ್ಕಳು 400 ಮೀಟರನ್ನ 2 ನಿಮಿಷದೊಳಗೆ ಓಡಬೇಕು. ಅಂದ್ರೆ 100 ಮೀಟರಿಗೆ 30 ಸೆಕೆಂಡು. ಕೇಂದ್ರದ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೇಬಲ್‌ಗಾದ್ರೆ 1.6 ಕಿಲೋಮೀಟರು, ಎಂಟೂವರೆ ನಿಮಿಷ. ಈ ಓಟಗಳ ದೂರ ಮೊದಲೇ ಅಳೆದಿರ್ತದೆ, ಅವ್ಳಿಗೆ ಬೇಕಾಗಿರೋದು ಟೈಮು ಮಾತ್ರ. ಅದಕ್ಕೆ ಸ್ಟಾಪ್‌ವಾಚ್ ಇರೋ ಸಾದಾ ಡಿಜಿಟಲ್ ವಾಚು ಸಾಕು. ಜಿಪಿಎಸ್ ವಾಚು 400 ಮೀಟರಿನ ಸುತ್ತಲ್ಲಿ ಹತ್ತಿಪ್ಪತ್ತು ಮೀಟ್ರು ಹೆಚ್ಚುಕಮ್ಮಿ ತೋರಿಸಿ ಅವಳ ಲೆಕ್ಕಾನೇ ಕೆಡಿಸ್ತದೆ. ಉಳಿದ ದುಡ್ಡಿಗೆ ಒಳ್ಳೆ ಶೂ ಕೊಡಿಸು ಅಂತ ನಾದಿನಿಗೆ ಹೇಳಿವ್ನಿ.

ಎರಡನೇದು ನಾಡಿ. ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳಿಟ್ಟು ವಾತ, ಪಿತ್ತ, ಕಫ ಅಂತ ಹೇಳೋ ಪಂಡಿತರನ್ನ ನಾವು ಕಂಡಿದ್ದೀವಿ. ಅವ್ರು ನೋಡ್ತಿದ್ದುದು ನಾಡಿಯ ನಡಿಗೆ. ನಿಮಿಷಕ್ಕೆ ಎಷ್ಟು ಅಂತ ಎಣಿಸಬೇಕಾದ್ರೆ ಸೆಕೆಂಡು ತೋರೋ ಗಡಿಯಾರ ಬೇಕು. ಇಂಗ್ಲೆಂಡಿನ ಜಾನ್ ಫ್ಲಾಯರ್ ಅನ್ನೋ ವೈದ್ಯ ನಾಡಿ ಎಣಿಸಕ್ಕೇ ಅಂತ ಒಂದೇ ನಿಮಿಷ ಓಡೋ ವಾಚು ಮಾಡಿಸಿ, 1707ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಆಸ್ಪತ್ರೇಲಿ ನರ್ಸಮ್ಮ ವಾಚು ನೋಡ್ಕಂಡು ಮಣಿಕಟ್ಟು ಹಿಡಿಯೋದು ಅದೇ ದಾರಿಯದು.

ಓಡ್ತಾ ಓಡ್ತಾನೇ ನಾಡಿ ನೋಡೋ ಯಂತ್ರ ಬಂದಿದ್ದು ಫಿನ್ಲೆಂಡಿಂದ. ಅಲ್ಲಿನವ್ರು ಹಿಮದಲ್ಲಿ ಮೈಲಿಗಟ್ಟಲೆ ಜಾರೋ ಆಟಗಾರರು. ಅವರಿಗೆ ಅಂತ 1977ರಲ್ಲಿ ಪೋಲಾರ್ ಕಂಪ್ನಿ ಹುಟ್ತು. 1982ರಲ್ಲಿ ಎದೆಗೆ ಒಂದು ಪಟ್ಟಿ, ಕೈಗೆ ಒಂದು ವಾಚು, ನಡುವೆ ವೈರಿಲ್ಲದಂಗೆ ಸುದ್ದಿ ಕಳಿಸೋ ಸಾಮಾನು ತಂದ್ರು. ಎದೆ ಪಟ್ಟಿ ಹಿಡಿಯೋದು ಹೃದಯದ ವಿದ್ಯುತ್ತನ್ನ, ಆಸ್ಪತ್ರೆ ಇಸಿಜಿ ಥರಾನೇ. ಈಗಲೂ ಮಣಿಕಟ್ಟಿನ ವಾಚಿಗಿಂತ ಅದರ ಲೆಕ್ಕವೇ ನಂಬಿಕೆಯದು.

ಮಣಿಕಟ್ಟಿನ ವಾಚು ತಳದಲ್ಲಿ ಹಸಿರು ದೀಪ ಮಿಣುಕಿಸ್ತದಲ್ಲ, ಅದರ ದಾರಿ ಬೇರೆ. ರಕ್ತ ಹಸಿರು ಬೆಳಕನ್ನ ನುಂಗ್ತದೆ. ಒಂದೊಂದು ಬಡಿತಕ್ಕೂ ಚರ್ಮದಡಿ ರಕ್ತ ಉಕ್ಕಿದಾಗ ವಾಪಸ್ ಬರೋ ಬೆಳಕು ವಸಿ ಕಮ್ಮಿ ಆಯ್ತದೆ. ಆ ಏರಿಳಿತ ಎಣಿಸಿದ್ರೆ ನಾಡಿ. ಚರ್ಮದ ಮ್ಯಾಲೆ ಬೆಳಕು ಬುಟ್ಟು ರಕ್ತದ ಏರಿಳಿತ ನೋಡೋದನ್ನ ಅಮೆರಿಕದ ಹರ್ಟ್ಸ್‌ಮನ್ ಅನ್ನೋರು 1930ರ ದಶಕದಲ್ಲೇ ಬರೆದಿದ್ರು. ಕೊರೊನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸ್ಕಂಡ ಆಕ್ಸಿಮೀಟ್ರೂ ಇದೇ ಬಳಗ. ಅದನ್ನ 1970ರ ದಶಕದಲ್ಲಿ ಕಂಡುಹಿಡಿದೋರು ಜಪಾನಿನ ತಕುವೊ ಅಓಯಾಗಿ.

ಬೆಳಕಿನ ಕೆಲಸ ಅಂದ್ಮೇಲೆ ಬೆಳಕಿಗೆ ಅಡ್ಡ ಬರೋದೆಲ್ಲ ಲೆಕ್ಕ ಕೆಡಿಸ್ತದೆ. ಮುಂಗೈ ಮ್ಯಾಲೆ ಹಚ್ಚೆ ಇದ್ರೆ ಅದರ ಮಸಿ ಬೆಳಕು ತಡೀತದೆ, ವಾಚನ್ನ ಹಚ್ಚೆ ಇಲ್ಲದ ಕಡೆಗೆ ಕಟ್ಟಬೇಕು. ಬಳೆ ವಾಚನ್ನ ಅಲ್ಲಾಡಿಸ್ತದೆ, ಬಳೆಯಿಂದ ಎರಡು ಬೆರಳು ಮ್ಯಾಲೆ ಬಿಗಿಯಾಗಿ ಕಟ್ಕಳಿ. ಪಟ್ಟಿ ಸಡಿಲ ಇದ್ರೆ ವಾಚು ನಾಡಿ ಬುಟ್ಟು ಹೆಜ್ಜೇನೇ ಎಣಿಸಿ ನಾಡಿ ಅಂತ ತೋರಿಸೋದೂ ಉಂಟು.

ಇನ್ನೊಂದು ಮಾತು ನಾವು ಹೆಂಗಸರು ತಿಳ್ಕಬೇಕಾದ್ದು. ನಾಡಿ ಹೆಚ್ಚು ಅಂದ್ರೆ ಎಷ್ಟಕ್ಕೆ ಹೋಗಬೋದು ಅನ್ನೋಕೆ ತುಂಬಾ ವಾಚುಗಳು ಹಾಕೋ ಲೆಕ್ಕ, 220ರಲ್ಲಿ ವಯಸ್ಸು ಕಳೆಯೋದು. ಅದು 1970ರ ಆಸುಪಾಸಿನ ಲೆಕ್ಕ, ಹೆಚ್ಚಾಗಿ ಗಂಡಸರನ್ನ ನೋಡಿ ಮಾಡಿದ್ದು. 2010ರಲ್ಲಿ ಅಮೆರಿಕದ ಮಾರ್ಥಾ ಗುಲಾಟಿ ಅನ್ನೋ ಡಾಕ್ಟ್ರು ಮತ್ತವರ ಜೊತೆಯವ್ರು ಐದು ಸಾವಿರಕ್ಕೂ ಹೆಚ್ಚು ಹೆಂಗಸರನ್ನೇ ಪರೀಕ್ಷೆ ಮಾಡಿ ಬೇರೆ ಲೆಕ್ಕ ಕೊಟ್ರು: ವಯಸ್ಸನ್ನ 0.88ರಿಂದ ಗುಣಿಸಿ, 206ರಲ್ಲಿ ಕಳೀರಿ. 55 ವಯಸ್ಸಿಗೆ ಹಳೇ ಲೆಕ್ಕ 165 ಅಂತದೆ, ಹೊಸದು 158. ವಾಚಿನ ಮಾತು ಕೇಳ್ಕಂಡು ಏಳು ಬಡಿತ ಹೆಚ್ಚಿಗೆ ಎಳೆಯೋದು ಯಾಕೆ?

ಚಿಕ್ಕಮ್ಮನ ವಿಚಾರದಲ್ಲಿ ಇನ್ನೂ ಒಂದು ಅದೆ. ಬಿಪಿಗೆ ಕೊಡೋ ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿ ಮಾತ್ರೆ ನಾಡೀನ ತಗ್ಗಿಸಿ ಇಡ್ತವೆ. ಅವನ್ನ ನುಂಗೋರಿಗೆ ಈ ಎರಡು ಲೆಕ್ಕಾನೂ ಹೊಂದಲ್ಲ, ಎಷ್ಟಕ್ಕೆ ನಿಲ್ಲಿಸಬೇಕು ಅಂತ ಡಾಕ್ಟ್ರನ್ನೇ ಕೇಳಬೇಕು. ವಾಚಿಲ್ಲದೆ ತಿಳ್ಕಳೋ ದಾರೀನೂ ಅದೆ: ನಡೆಯುವಾಗ ಪಕ್ಕದೋರ ಜೊತೆ ಮಾತಾಡಕ್ಕೆ ಆಗಬೇಕು, ಹಾಡು ಹೇಳಕ್ಕೆ ಆಗಬಾರದು. ಎದೆ ಬಿಗಿತ, ದವಡೆ ನೋವು, ಬೆನ್ನು ನೋವು, ತಣ್ಣನೆ ಬೆವರು, ಎಂದೂ ಇಲ್ಲದ ಉಬ್ಬಸ ಬಂದ್ರೆ ವಾಚು ಏನೇ ತೋರಿಸಲಿ, ಮೊದಲು ಆಸ್ಪತ್ರೆಗೆ ಹೋಗಿ. ಹೆಂಗಸರಿಗೆ ಹೃದಯದ ತೊಂದರೆ ಎದೆನೋವಿಲ್ಲದೆ ಬರೋದೂ ಅದೆ.

ಮೂರನೇದು ದೂರ. ಜಿಪಿಎಸ್ ಅಂದ್ರೆ ಆಕಾಶದಲ್ಲಿರೋ ಗಡಿಯಾರಗಳು ಅಂತ ತಿಳ್ಕಳಿ. ಅಮೆರಿಕದ ಸೇನೆ ತನಗೆ ಅಂತ 1978ರಲ್ಲಿ ಮೊದಲ ಜಿಪಿಎಸ್ ಉಪಗ್ರಹ ಹಾರಿಸ್ತು. 1983ರಲ್ಲಿ ಕೊರಿಯಾದ ವಿಮಾನ ದಾರಿ ತಪ್ಪಿ ರಷ್ಯಾದ ಗಡಿಯೊಳಕ್ಕೆ ಹೋಗಿ, ಅವ್ರು ಹೊಡೆದುರುಳಿಸಿ, 269 ಜನ ಸತ್ರು. ಆಗ ಅಮೆರಿಕದ ಅಧ್ಯಕ್ಷ ರೇಗನ್, ಜಿಪಿಎಸ್ ಎಲ್ಲಾರಿಗೂ ಸಿಗ್ತದೆ ಅಂತ ಹೇಳಿದ್ರು. ಹಂಗಂದ್ರೂ ಜನಸಾಮಾನ್ಯರಿಗೆ ಬರೋ ಸಂಕೇತಾನ ಬೇಕಂತಲೇ ಮಬ್ಬು ಮಾಡಿದ್ರು, ನೂರು ಮೀಟ್ರು ಆಚೀಚೆ ಆಗೋದು. 2000ದ ಮೇ ತಿಂಗಳಲ್ಲಿ ಅದನ್ನ ತೆಗೆದ್ರು. 1999ರಲ್ಲೇ ಕ್ಯಾಸಿಯೊ ಜಿಪಿಎಸ್ ಇರೋ ಕೈಗಡಿಯಾರ ಮಾಡಿತ್ತು. 2003ರಲ್ಲಿ ಓಡೋರಿಗೇ ಅಂತ ಗಾರ್ಮಿನ್ ಕಂಪ್ನಿಯ ಫೋರ್‌ರನ್ನರ್ ಬಂತು.

ಒಂದೊಂದು ಉಪಗ್ರಹವೂ ತನ್ನ ಟೈಮು ಹೇಳ್ತಾ ಇರ್ತದೆ. ಆ ಮಾತು ನಮ್ಮ ವಾಚಿಗೆ ಬರಕ್ಕೆ ಎಷ್ಟು ಹೊತ್ತು ಹಿಡೀತು ಅನ್ನೋದರಿಂದ ದೂರ ತಿಳೀತದೆ. ನಾಕು ಉಪಗ್ರಹ ಸಿಕ್ಕಿದ್ರೆ ನಾವು ನಿಂತಿರೋ ಜಾಗ ಗೊತ್ತಾಯ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದ್ರೆ ಜಾಗ 300 ಮೀಟ್ರು ತಪ್ತದೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇಟ್ಟವ್ರೆ. ನಮ್ಮ ಇಸ್ರೋದ ನಾವಿಕ್ ಕೂಡ ಇದೇ ಥರದ್ದು. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರ್ತು, ಅದನ್ನ ನೋಡ್ಕಳೋ ಕೇಂದ್ರ ಬೆಂಗಳೂರಿನ ಆಚೆ ಬ್ಯಾಲಾಳಿನಲ್ಲಿ ಅದೆ.

ಮಂಡ್ಯದ ಅತ್ತಿಗೆಗೆ ನಾಲೆ ಏರಿ ಮ್ಯಾಲೆ ಆಕಾಶ ಬಯಲು, ಜಿಪಿಎಸ್ ಚೆನ್ನಾಗಿ ಹಿಡೀತದೆ. ತೆಂಗಿನ ತೋಟ, ಸಾಲುಮರದ ಕೆಳಗೆ ವಸಿ ತಪ್ಪಾಯ್ತದೆ. ಡಬ್ಬಿ ಮ್ಯಾಲೆ 'ಕನೆಕ್ಟೆಡ್ ಜಿಪಿಎಸ್' ಅಂತಿದ್ರೆ ವಾಚಲ್ಲಿ ಜಿಪಿಎಸ್ ಇಲ್ಲ, ಜೊತೇಲಿರೋ ಫೋನಿಂದು ತಗತದೆ ಅಂತ ಅರ್ಥ. ಒಂಟಿ ಜಾಗದಲ್ಲಿ ಹೆಂಗೂ ಫೋನ್ ಜೊತೇಲಿರಬೇಕು, ಹಂಗಾಗಿ ಅತ್ತಿಗೆಗೆ ಆ ಕಮ್ಮಿ ಬೆಲೆಯದೇ ಸಾಕು. ಓಡಿದ ದಾರಿಯ ನಕ್ಷೆ ಎಲ್ಲಾರಿಗೂ ಕಾಣೋ ಹಂಗೆ ಮಾತ್ರ ಬುಡಬ್ಯಾಡಿ. 2018ರಲ್ಲಿ ಸ್ಟ್ರಾವಾ ಆ್ಯಪಿನ ನಕ್ಷೆಯಿಂದ ಸೇನಾ ನೆಲೆಗಳೇ ಹೊರಕ್ಕೆ ಕಂಡಿದ್ವು. ಹೆಂಗಸು ದಿನಾ ಎಷ್ಟೊತ್ತಿಗೆ ಯಾವ ಮನೆಯಿಂದ ಹೊರಡ್ತಳೆ ಅನ್ನೋದು ಊರಿಗೆಲ್ಲ ಯಾಕೆ ಗೊತ್ತಾಗಬೇಕು?

ಹೆಂಗಸರ ಮೈಗೆ ಓಟ ಒಗ್ಗಲ್ಲ ಅಂತ ಬಾಳ ದೊಡ್ಡವರೇ ಹೇಳಿದ್ರು. 1928ರ ಒಲಿಂಪಿಕ್ಸಲ್ಲಿ 800 ಮೀಟರ್ ಓಡಿ ಸುಸ್ತಾದ್ರು ಅಂತ ನೆಪ ಹೇಳಿ ಆ ಓಟಾನೇ ತೆಗೆದ್ರು. ಅದು ವಾಪಸ್ ಬಂದಿದ್ದು 1960ಕ್ಕೆ. ಹೆಂಗಸರ ಮ್ಯಾರಥಾನ್ ಸೇರಿದ್ದು ಉಷಾ ಓಡಿದ ಅದೇ 1984ಕ್ಕೆ. ನಮ್ಮ ಮನೆಗಳಲ್ಲಿ ಯಾರೂ ಓಡಬ್ಯಾಡ ಅನ್ನಲ್ಲ, ಆದ್ರೆ ಅಡುಗೆ, ದನ, ಮಕ್ಕಳ ನಡುವೆ ಬಿಡುವೇ ಸಿಗಲ್ಲ. ದಿನದ 60 ಗಳಿಗೇಲಿ ಒಂದೇ ಗಳಿಗೆ ತನಗೆ ಅಂತ ಇಟ್ಕಂಡ್ರೆ 24 ನಿಮಿಷ ಆಯ್ತು. ಅದನ್ನ ಮೊದಲು ಮನೆಯವರತ್ರ ಕೇಳಿ ಇಸ್ಕಳಿ, ವಾಚು ಆಮೇಲೆ ತಕ್ಕಂಡ್ರಾಯ್ತು. ಅಲ್ಲಿಗಂಟ ಬೆಳಿಗ್ಗೆ ಎದ್ದ ತಕ್ಷಣ ಹೆಬ್ಬೆರಳ ಬುಡದಲ್ಲಿ ಬೆರಳಿಟ್ಟು, ಗೋಡೆ ಗಡಿಯಾರ ನೋಡ್ಕಂಡು 30 ಸೆಕೆಂಡು ನಾಡಿ ಎಣಿಸಿ, ಎರಡರಿಂದ ಗುಣಿಸಿ ಕ್ಯಾಲೆಂಡರ್ ಮ್ಯಾಲೆ ಬರೆದಿಡಿ. ವಾಚು ಬಂದ ದಿನ ಅದರ ಲೆಕ್ಕ ಸರಿ ಇದ್ದದಾ ಇಲ್ವಾ ಅಂತ ನೋಡಕ್ಕೆ ಅದೇ ಬೇಕಾಯ್ತದೆ.